ಸೀಡ್ ಅದೇ, ಚೀಟಿ ಬೇರೆ: 'ಆರ್' ತಂತ್ರಾಂಶದ ಹಳೆಯ ಬಗ್ ನನ್ನ ಥೀಸಿಸ್ ಕೆಡಿಸಿತಾ?

ಪ್ರಶ್ನೆ: "ಸರ್, ನಾನು ಕಲಬುರಗಿ ಕಡೆಯವಳು. ಯಾದಗಿರಿ ಜಿಲ್ಲೆಯ ಎರಡು ತಾಲ್ಲೂಕುಗಳಲ್ಲಿ ಹಳ್ಳಿ ಮನೆಗಳ ಕೈಸಾಲದ ಮೇಲೆ ಪಿಎಚ್‌ಡಿ. 2018ರಲ್ಲಿ 80,000 ಮನೆಗಳ ಪಟ್ಟಿಯಿಂದ 1,200 ಮನೆ ಆರಿಸಿದ್ದೆ. ಆಗ ಲ್ಯಾಪ್‌ಟಾಪ್‌ನಲ್ಲಿದ್ದದ್ದು 'ಆರ್' ಎಂಬ ಅಂಕಿಅಂಶ ತಂತ್ರಾಂಶದ 3.4.3 ಆವೃತ್ತಿ. ಸೀಡ್ (ಚೀಟಿ ಎತ್ತುವುದು ಎಲ್ಲಿಂದ ಶುರು ಎಂದು ಹೇಳುವ ಸಂಖ್ಯೆ) 123 ಕೊಟ್ಟು 'ಸ್ಯಾಂಪಲ್' ಎಂಬ ಕಮಾಂಡ್ ಹಾಕಿದ್ದೆ, ಅಷ್ಟೇ. ಫೀಲ್ಡ್‌ನಲ್ಲಿ 74 ಮನೆಗೆ ಬೀಗ ಇತ್ತು, ಅದಕ್ಕೆ ಪಕ್ಕದ ಮನೆ ತೆಗೆದುಕೊಂಡೆವು. ಸ್ವಸಹಾಯ ಸಂಘದಲ್ಲಿರುವ ಮನೆಗಳಿಗೆ ಕೈಸಾಲ ಕಡಿಮೆಯಾ ಅಂತ ನೋಡಲು, ಯಾವ ಮನೆ ಸಂಘದ್ದು ಎಂಬ ಗುರುತುಗಳನ್ನು 1,000 ಸಲ ಕಲಸಿ ಪರ್ಮ್ಯುಟೇಶನ್ ಟೆಸ್ಟ್ ಮಾಡಿದ್ದೆ. ಪಿ-ವ್ಯಾಲ್ಯೂ (ನಂಟೇ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವ) 0.046 ಬಂದಿತ್ತು, ಎಲ್ಲರೂ ನೋಡುವ 0.05ರ ಗೆರೆಗಿಂತ ಕೆಳಗೆ. ನಡುವೆ ಮದುವೆ, ಮಗು, ಕೋವಿಡ್ ಅಂತ ತಡವಾಗಿ ಈಗ ಥೀಸಿಸ್ ಸಲ್ಲಿಸಿದ್ದೇನೆ. ಪರೀಕ್ಷಕರು ಸ್ಕ್ರಿಪ್ಟ್ ಓಡಿಸಿ ತೋರಿಸಿ ಎಂದಿದ್ದಾರೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ಆರ್ 4 ಇದೆ. ಅದೇ ಸ್ಕ್ರಿಪ್ಟ್, ಅದೇ ಸೀಡ್. ಆದರೆ ಬಂದ 1,200 ಮನೆಗಳೇ ಬೇರೆ! 2018ರಲ್ಲಿ ನಾವು ಭೇಟಿ ಕೊಟ್ಟ ಮನೆಗಳ ಡೇಟಾ ಮೇಲೇ ಟೆಸ್ಟ್ ಓಡಿಸಿದರೆ ಪಿ 0.053. ಆರ್‌ನಲ್ಲಿ ಹತ್ತೊಂಬತ್ತು ವರ್ಷ ಒಂದು ಬಗ್ ಯಾರಿಗೂ ಕಾಣದೆ ಇತ್ತಂತೆ ಎಂದು ಗೆಳತಿಯೊಬ್ಬಳು ಹೇಳಿದಳು. ಬಿಟ್ಟಿ ಸಾಫ್ಟ್‌ವೇರ್ ಅಂದರೆ ಹೀಗೇ, ದುಡ್ಡು ಕೊಡುವ ಸಾಫ್ಟ್‌ವೇರ್‌ನಲ್ಲಿ ಎಲ್ಲ ಮೊದಲಿಂದ ಮಾಡು ಎನ್ನುತ್ತಾರೆ ನನ್ನ ಗೈಡ್. ಸಾಫ್ಟ್‌ವೇರ್ ತಪ್ಪಿಗೆ ನಾನು ಥೀಸಿಸ್ ವಾಪಸ್ ತಗೋಬೇಕಾ?"

ಉತ್ತರ: ತಗೋಬೇಡಿ. ಮೊದಲು ಅದನ್ನು ಹೇಳಿಬಿಡುತ್ತೇನೆ, ಇವತ್ತು ರಾತ್ರಿ ನಿದ್ದೆಯಾದರೂ ಬರಲಿ.

ನಿಮ್ಮ ಪತ್ರದಲ್ಲಿ ಮೂರು ಭಯಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿವೆ. ಆರ್‌ನಲ್ಲಿ ಬಗ್ ಇತ್ತು ಎನ್ನುವುದು ಒಂದು. ಅದೇ ಸೀಡ್‌ಗೆ ಬೇರೆ ಮನೆ ಬಂತು ಎನ್ನುವುದು ಇನ್ನೊಂದು. 0.046 ಇದ್ದದ್ದು 0.053 ಆಯಿತು ಎನ್ನುವುದು ಮೂರನೆಯದು. ಮೂರಕ್ಕೂ ಕಾರಣ ಒಂದೇ ಎಂದು ನೀವು ತಿಳಿದಿದ್ದೀರಿ. ಹಾಗಿಲ್ಲ. ಇನ್ನು ನಾಲ್ಕನೆಯದೊಂದಿದೆ. ಅದನ್ನು ನೀವು ಭಯ ಎಂದೇ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಬಗ್ ಇದ್ದದ್ದು ನಿಜ. ಗೆಳತಿ ಸುಳ್ಳು ಹೇಳಿಲ್ಲ. ಆರ್ 1.0.0 ಹೊರಬಂದದ್ದು 2000ದ ಫೆಬ್ರವರಿ 29ರಂದು. ಈ ದೋಷ ಸರಿಹೋದದ್ದು 2019ರ ಏಪ್ರಿಲ್ 26ರಂದು ಬಂದ 3.6.0ರಲ್ಲಿ. ಲೆಕ್ಕ ಹಾಕಿದರೆ ಹತ್ತೊಂಬತ್ತು ವರ್ಷ ಚಿಲ್ಲರೆ. ಅಷ್ಟು ಕಾಲವೂ ಕೋಡ್ ಎಲ್ಲರ ಕಣ್ಣ ಮುಂದೆ ತೆರೆದೇ ಇತ್ತು. ತಪ್ಪಿದ್ದದ್ದು ಒಂದೇ ಒಂದು ಸಾಲಿನಲ್ಲಿ. ಅದು ಯಾವ ಸಾಲು, ಏನು ಮಾಡುತ್ತಿತ್ತು ಅಂತ ತಿಳಿದುಕೊಂಡರೆ ಪರೀಕ್ಷಕರ ಮುಂದೆ ನೀವೇ ಧೈರ್ಯವಾಗಿ ಹೇಳಬಹುದು.

ಚೀಟಿ ಎತ್ತುವುದನ್ನೇ ನೆನಪಿಸಿಕೊಳ್ಳಿ. ಮೂರು ಜನ ಇದ್ದಾರೆ, ನಿಮ್ಮ ಕೈಯಲ್ಲಿ ಎಂಟು ಚೀಟಿ ಇವೆ. ಎಂಟೂ ಚೀಟಿಗಳನ್ನು ಹಂಚಲೇಬೇಕು. ಹೇಗೆ ಹಂಚಿದರೂ ಮೂವರಿಗೆ ಸಮ ಬರುವುದಿಲ್ಲ ಅಲ್ವಾ? ಇಬ್ಬರಿಗೆ ಮೂರು ಮೂರು, ಒಬ್ಬರಿಗೆ ಎರಡೇ. ಆಮೇಲೆ ಕಣ್ಣು ಮುಚ್ಚಿ ಒಂದು ಚೀಟಿ ಎತ್ತಿದಿರಿ. ನೀವು ಎತ್ತಿದ್ದರಲ್ಲಿ ಮೋಸ ಇಲ್ಲ. ಮೋಸ ಹಂಚಿದ್ದರಲ್ಲಿದೆ.

ಆರ್‌ನಲ್ಲಿ ನಡೆಯುತ್ತಿದ್ದದ್ದೂ ಇದೇ. ಯಾದೃಚ್ಛಿಕ ಸಂಖ್ಯೆ ಹುಟ್ಟಿಸುವ ಯಂತ್ರದ ಹೆಸರು ಮರ್ಸೆನ್ ಟ್ವಿಸ್ಟರ್. ಅದು ಜಪಾನಿನ ಮಾಟ್ಸುಮೊಟೊ ಮತ್ತು ನಿಶಿಮುರಾ 1998ರಲ್ಲಿ ಪ್ರಕಟಿಸಿದ್ದು. ಒಮ್ಮೆ ಕೇಳಿದರೆ 32 ಬಿಟ್, ಅಂದರೆ ಸೊನ್ನೆ ಅಥವಾ ಒಂದು ಆಗಿರುವ 32 ಅಂಕಿ, ಕೊಡುತ್ತದೆ. ಅಂದರೆ ಚೀಲದಲ್ಲಿರುವ ಚೀಟಿಗಳು 2ರ 32ನೇ ಘಾತದಷ್ಟು, 4,29,49,67,296. ಇದನ್ನು 0 ಮತ್ತು 1ರ ನಡುವಿನ ದಶಮಾಂಶ ಸಂಖ್ಯೆ ಮಾಡಿ, ನಿಮ್ಮ ಪಟ್ಟಿಯ ಉದ್ದದಿಂದ ಗುಣಿಸಿ, ಬಿಂದುವಿನ ಆಚೆಯದನ್ನು ಕತ್ತರಿಸಿ, ಒಂದು ಕೂಡಿಸಿದರೆ ಮನೆಯ ನಂಬರ್ ಸಿಕ್ಕಿತು. ಶಾಲೆಯಲ್ಲಿ ಯಾರಾದರೂ ಹೇಳಿಕೊಡುವ ವಿಧಾನ ಇದೇ. ನಾನೂ ವರ್ಷಗಟ್ಟಲೆ ಹೀಗೇ ಹೇಳಿಕೊಟ್ಟಿದ್ದೇನೆ.

ಈಗ ನಿಮ್ಮ ಪಟ್ಟಿಗೆ ಬರೋಣ. 429 ಕೋಟಿ ಚಿಲ್ಲರೆ ಚೀಟಿಗಳನ್ನು 80,000 ಮನೆಗೆ ಹಂಚಿ. ಪ್ರತಿ ಮನೆಗೆ 53,687 ಚೀಟಿ ಬಂತು, ಇನ್ನೂ 7,296 ಚೀಟಿ ಉಳಿಯಿತು. ಆ 7,296 ಚೀಟಿ ಪಟ್ಟಿಯಲ್ಲಿ ಅಲ್ಲಲ್ಲಿ ಚದುರಿ, ಕೆಲವು ಮನೆಗೆ 53,688 ಆಯಿತು. ಇಷ್ಟೇ ನಿಮ್ಮ ಸ್ಯಾಂಪಲ್‌ಗೆ ಆದ ಅನ್ಯಾಯ. ಐವತ್ಮೂರು ಸಾವಿರ ಚೀಟಿಯಲ್ಲಿ ಒಂದು ಜಾಸ್ತಿ! ಈ ಒಂದು ಚೀಟಿಯ ಪರಿಣಾಮ ಕಣ್ಣಿಗೆ ಕಾಣಬೇಕಾದರೆ ನೀವು 1,200 ಮನೆ ಅಲ್ಲ, ಕೋಟಿಗಟ್ಟಲೆ ಸಲ ಚೀಟಿ ಎತ್ತಬೇಕು.

ಪಟ್ಟಿ ದೊಡ್ಡದಾದಂತೆ ಕಥೆ ಬದಲಾಗುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ 6,10,95,297 ಜನ. ಅವರೆಲ್ಲರ ಪಟ್ಟಿಯಿಂದ ಎತ್ತಿದರೆ ಒಬ್ಬೊಬ್ಬರಿಗೆ 70 ಅಥವಾ 71 ಚೀಟಿ. ವ್ಯತ್ಯಾಸ ನೂರಕ್ಕೆ ಒಂದೂವರೆಯ ಹತ್ತಿರ. ಇಡೀ ದೇಶದ 121 ಕೋಟಿಯ ಪಟ್ಟಿ ಇಟ್ಟುಕೊಂಡರೆ ಸುಮಾರು 66 ಕೋಟಿ ಜನಕ್ಕೆ 4 ಚೀಟಿ, ಉಳಿದ 55 ಕೋಟಿಗೆ 3. ಇದು ಸಣ್ಣ ಮಾತಲ್ಲ.

ಇನ್ನೂ ನೇರವಾಗಿ ತೋರಿಸುವ ಉದಾಹರಣೆಯೊಂದು ಈ ಬಗ್ ಹೊರಬಿದ್ದಾಗಿನ ಚರ್ಚೆಯಲ್ಲಿ ಬಂದಿತ್ತು, ನನಗೆ ಅದು ತುಂಬಾ ಇಷ್ಟ. ಪಟ್ಟಿಯ ಉದ್ದವನ್ನು 2ರ 32ನೇ ಘಾತದ ಐದರಲ್ಲಿ ಎರಡು ಭಾಗ ಇಡಿ, ಅಂದರೆ ಸುಮಾರು 171 ಕೋಟಿ 80 ಲಕ್ಷ. ಆಗ ತಲೆಗೆ ಎರಡೂವರೆ ಚೀಟಿ. ಚೀಟಿಯನ್ನು ಅರ್ಧ ಹರಿಯಲು ಆಗುವುದಿಲ್ಲ. ಹಾಗಾಗಿ ಒಂದನೆಯವನಿಗೆ 3, ಎರಡನೆಯವನಿಗೆ 2, ಮೂರನೆಯವನಿಗೆ 3, ನಾಲ್ಕನೆಯವನಿಗೆ 2. ಹಳೆಯ ಆರ್‌ನಲ್ಲಿ ಇದರಿಂದ ಹತ್ತು ಲಕ್ಷ ಸಲ ಎತ್ತಿ ಸಮ ಸಂಖ್ಯೆ ಎಷ್ಟು, ಬೆಸ ಎಷ್ಟು ಅಂತ ಎಣಿಸಿದರೆ ಅರ್ಧರ್ಧ ಬರಬೇಕಾದ್ದು 40ಕ್ಕೆ 60 ಬರುತ್ತಿತ್ತು. ಸುಮ್ನೆ ಯೋಚಿಸಿ. ಯಾರಾದರೂ ಪಟ್ಟಿಯನ್ನು ಗಂಡ, ಹೆಂಡತಿ, ಗಂಡ, ಹೆಂಡತಿ ಅಂತ ಬರೆದಿದ್ದರೆ?

ಇಲ್ಲಿ ಒಂದು ಸೂಕ್ಷ್ಮ ಇದೆ. ಚೀಟಿ ಹೆಚ್ಚುಕಡಿಮೆ ಆದ ಮಾತ್ರಕ್ಕೆ ನಿಮ್ಮ ಸರಾಸರಿ ಕೆಡುವುದಿಲ್ಲ. ಹೆಚ್ಚು ಚೀಟಿ ಬಿದ್ದ ಜಾಗಗಳಿಗೂ ನೀವು ಅಳೆಯುವ ವಿಷಯಕ್ಕೂ ನಂಟಿದ್ದರೆ ಮಾತ್ರ ಕೆಡುತ್ತದೆ. ನಿಮ್ಮ ಪಟ್ಟಿಯಲ್ಲಿ ಹೆಚ್ಚುವರಿ ಚೀಟಿ ಸಿಕ್ಕಿದ್ದು ಸುಮಾರು ಹನ್ನೊಂದು ಮನೆಗೆ ಒಂದರಂತೆ. ಅದಕ್ಕೂ ಕೈಸಾಲಕ್ಕೂ ಏನು ಸಂಬಂಧ? ಅದೂ ಅಲ್ಲದೆ ನೀವು ಒಮ್ಮೆ ಎತ್ತಿದ ಮನೆಯನ್ನು ಮತ್ತೆ ಚೀಲಕ್ಕೆ ಹಾಕಿಲ್ಲ. ಒಂದೊಂದು ಮನೆ ತೆಗೆದಾಗಲೂ ಪಟ್ಟಿ ಒಂದೊಂದೇ ಕಿರಿದಾಗುತ್ತದೆ, ಹಂಚಿಕೆಯೂ ಬದಲಾಗುತ್ತಾ ಹೋಗುತ್ತದೆ.

ಹಾಗಾದರೆ ಇಷ್ಟು ವರ್ಷ ಯಾರಿಗೂ ಯಾಕೆ ಕಾಣಲಿಲ್ಲ? ಒಂದರ್ಥದಲ್ಲಿ ಕಂಡಿತ್ತು. ಗುಣಿಸಿ ಕತ್ತರಿಸುವ ವಿಧಾನದಲ್ಲಿ ಈ ಕೊರತೆ ಇದೆ ಎಂದು ಗಣಕ ವಿಜ್ಞಾನಿಗಳಿಗೆ ಹಿಂದಿನಿಂದಲೂ ಗೊತ್ತು. ಪೈಥಾನ್‌ನವರು (ಅದೂ ಒಂದು ಪ್ರೋಗ್ರಾಮಿಂಗ್ ಭಾಷೆ) 2011ರ 3.2 ಆವೃತ್ತಿಯಲ್ಲೇ ಇದನ್ನು ಬಿಟ್ಟರು. ಆದರೆ ಆರ್ ಬಳಸುವವರಲ್ಲಿ ಹೆಚ್ಚಿನವರು ನಿಮ್ಮಂಥವರು, ನನ್ನಂಥವರು. ನಮ್ಮ ಪಟ್ಟಿಗಳು ಸಾವಿರ, ಲಕ್ಷದಲ್ಲಿರುತ್ತವೆ. ಅಲ್ಲಿ ಬಗ್ ಇದ್ದರೂ ಇಲ್ಲದಿದ್ದರೂ ಒಂದೇ. ಯಂತ್ರವನ್ನು ಪರೀಕ್ಷೆ ಮಾಡುವವರು ಮರ್ಸೆನ್ ಟ್ವಿಸ್ಟರ್ ಸರಿಯಾಗಿ ಸುತ್ತುತ್ತಿದೆಯಾ ಅಂತ ನೋಡುತ್ತಾರೆ. ಅದು ಸರಿಯಾಗಿಯೇ ಸುತ್ತುತ್ತಿತ್ತು. ಅದರಿಂದ ಬಂದ ದಶಮಾಂಶವನ್ನು ಮನೆ ನಂಬರ್ ಮಾಡುವ ಆ ಒಂದು ಸಾಲನ್ನು ಪರೀಕ್ಷಿಸಬೇಕು ಅಂತ ಯಾರಿಗೂ ಅನಿಸಲಿಲ್ಲ, ಯಾಕೆಂದರೆ ಅದು ನೋಡಿದರೆ ಸರಿ ಕಾಣುತ್ತದೆ, ಮತ್ತು ಸರಿ ಕಾಣುವ ಸಾಲನ್ನು ಯಾರೂ ಎರಡನೇ ಸಲ ಓದುವುದಿಲ್ಲ. ಕೋಡ್ ತೆರೆದಿದ್ದರೆ ಸಾವಿರ ಕಣ್ಣು ನೋಡುತ್ತವೆ ಎನ್ನುತ್ತಾರೆ. ಊರಿನ ಕೆರೆಯನ್ನೂ ದಿನಾ ಸಾವಿರ ಜನ ನೋಡುತ್ತಾರೆ. ತೂಬು ಸೋರುತ್ತಿದೆಯಾ ಅಂತ ಇಳಿದು ನೋಡುವವರು ಎಷ್ಟು ಜನ?

ಹಾಗೆ ಇಳಿದು ನೋಡಿದವರು ಕೆಲಿ ಒಟ್ಟೊಬೊನಿ ಮತ್ತು ಫಿಲಿಪ್ ಸ್ಟಾರ್ಕ್. ಸ್ಟಾರ್ಕ್ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ. ಚುನಾವಣೆ ಮುಗಿದ ಮೇಲೆ ಕೆಲವೇ ಮತಪತ್ರ ಎತ್ತಿ ಎಣಿಕೆ ಸರಿಯಿದೆಯಾ ಅಂತ ನೋಡುವ ಆಡಿಟ್ ವಿಧಾನಕ್ಕೆ ಹೆಸರಾದವರು. ಸೋತವರು ಒಂದೊಂದು ಚೀಟಿಗೂ ಜಗಳ ತೆಗೆಯುವ ಜಾಗ ಅದು. ಹಾಗಾಗಿ ಇಂಥ ಕಣ್ಣು ಅವರಿಗೆ ಬಂದದ್ದು ಆಶ್ಚರ್ಯವಲ್ಲ. 2018ರಲ್ಲಿ ಇವರಿಬ್ಬರೂ ಇದನ್ನು ಬರೆದು ಮುಂದಿಟ್ಟರು. ಡಂಕನ್ ಮರ್ಡಾಕ್ ತಿದ್ದುಪಡಿ ಬರೆದುಕೊಟ್ಟರು. ಒಂದು ವರ್ಷದೊಳಗೆ ಹೊಸ ಆರ್ ಬಂತು.

ತಿದ್ದುಪಡಿ ಸರಳ. ಚೀಟಿ ಸಮ ಬರುವುದಿಲ್ಲ ಅಂದರೆ ಹೆಚ್ಚಾದದ್ದನ್ನು ಹಂಚಬೇಡಿ, ಎಸೆಯಿರಿ. ನಿಮ್ಮ 80,000ಕ್ಕೆ 17 ಬಿಟ್ ಸಾಕು. ಅದರಲ್ಲಿ 0ಯಿಂದ 1,31,071ರವರೆಗೆ ಸಂಖ್ಯೆಗಳು ಬರುತ್ತವೆ. 80,000ಕ್ಕಿಂತ ಕಡಿಮೆ ಬಂದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ಎಸೆದು ಮತ್ತೆ ಎತ್ತಿ. ನೂರಕ್ಕೆ 39 ಸಲ ಎಸೆಯಬೇಕಾಗುತ್ತದೆ, ಸ್ವಲ್ಪ ನಿಧಾನ, ಆದರೆ ಎಲ್ಲರಿಗೂ ಒಂದೊಂದೇ ಚೀಟಿ. ಇದಕ್ಕೆ 'ರಿಜೆಕ್ಷನ್' ಎಂದು ಹೆಸರಿಟ್ಟರು. ಹಳೆಯದಕ್ಕೆ 'ರೌಂಡಿಂಗ್' ಎಂದು.

ಈಗ ನಿಮ್ಮ ಎರಡನೇ ಭಯಕ್ಕೆ ಉತ್ತರ ಸಿಕ್ಕಿತು. ನಿಮ್ಮ ಹೊಸ ಲ್ಯಾಪ್‌ಟಾಪ್ ತಪ್ಪು ಮಾಡುತ್ತಿಲ್ಲ, ಹಳೆಯದೂ ಮಾಡಿರಲಿಲ್ಲ. ಚೀಟಿ ಎತ್ತುವ ರೀತಿ ಬದಲಾಗಿದೆ, ಅಷ್ಟೇ. ನನಗೆ ಇದು ಗೊತ್ತಾದದ್ದು ತರಗತಿಯಲ್ಲಿ, ಮರ್ಯಾದೆ ಹೋಗುವ ರೀತಿಯಲ್ಲಿ. 2019ರ ಜುಲೈ ಇರಬೇಕು. ಲ್ಯಾಬ್‌ನಲ್ಲಿ ಎಲ್ಲರೂ ಸೀಡ್ 123 ಕೊಡಿ, ಒಂದರಿಂದ ಹತ್ತನ್ನು ಕಲಸಿ, ಎಲ್ಲರಿಗೂ ಒಂದೇ ಉತ್ತರ ಬರುತ್ತದೆ ನೋಡಿ ಎಂದು ಜಂಬದಿಂದ ಹೇಳಿದೆ. ಹಳೆಯ ಆರ್ ಇದ್ದ ಅರ್ಧ ಜನ '3, 8, 4, 7, 6, 1, 10, 9, 2, 5' ಎಂದರು. ಹೊಸದಿದ್ದ ಇನ್ನರ್ಧ '3, 10, 2, 8, 6, 9, 1, 7, 5, 4' ಎಂದರು. ನನ್ನ ಉತ್ತರದ ಹಾಳೆಯಲ್ಲಿದ್ದದ್ದು ಮೊದಲನೆಯದು. ಹಿಂದಿನ ಬೆಂಚಿನ ಹುಡುಗನೊಬ್ಬ "ಸರ್, ಮೊದಲ ಸಂಖ್ಯೆ 3 ಮಾತ್ರ ಸರಿ ಬಂತು" ಎಂದು ಸಮಾಧಾನ ಮಾಡಿದ.

ಆ 3 ಸರಿ ಬಂದದ್ದೂ ಕಾಕತಾಳೀಯ! ಮನೆಗೆ ಹೋಗಿ ಕೂತು ಕೈಯಲ್ಲೇ ಲೆಕ್ಕ ಹಾಕಿದೆ. ಸೀಡ್ 123ಕ್ಕೆ ಯಂತ್ರ ಕೊಡುವ ಮೊದಲ ಮೂರು ದಶಮಾಂಶಗಳು 0.2875775, 0.7883051, 0.4089769. ಇವು ಹಳೆಯ ಆರ್‌ನಲ್ಲೂ ಹೊಸದರಲ್ಲೂ ಅವೇ. ಹಳೆಯ ವಿಧಾನ ಮೊದಲನೆಯದನ್ನು ಹತ್ತರಿಂದ ಗುಣಿಸುತ್ತದೆ, 2.87 ಬರುತ್ತದೆ, ಕತ್ತರಿಸಿ ಒಂದು ಕೂಡಿಸಿದರೆ 3. ಹೊಸ ವಿಧಾನ ಅದೇ ದಶಮಾಂಶವನ್ನು 65,536ರಿಂದ ಗುಣಿಸಿ ಕೊನೆಯ ನಾಲ್ಕು ಬಿಟ್, ಅಂದರೆ 16ರಿಂದ ಭಾಗಿಸಿದಾಗ ಉಳಿಯುವ ಶೇಷ, ನೋಡುತ್ತದೆ. ಮೊದಲನೆಯದರಲ್ಲಿ 14 ಬಂತು. ಹತ್ತೇ ಜನ ಇರುವಾಗ 14 ಯಾರಿಗೆ? ಎಸೆಯಿತು. ಎರಡನೆಯದರಲ್ಲೂ 14, ಎಸೆಯಿತು. ಮೂರನೆಯದರಲ್ಲಿ 2 ಬಂತು, ಒಂದು ಕೂಡಿಸಿದರೆ 3. ಎರಡೂ ದಾರಿ ಬೇರೆ, ಮೊದಲ ನಿಲ್ದಾಣ ಮಾತ್ರ ಒಂದೇ ಆಗಿಬಿಟ್ಟಿತ್ತು.

ಆದ್ದರಿಂದ 'ಅದೇ ಸೀಡ್ ಕೊಟ್ಟರೆ ಯಾವತ್ತೂ ಅದೇ ಉತ್ತರ' ಎನ್ನುವುದು ಪೂರ್ತಿ ನಿಜವಲ್ಲ. ಅದೇ ಸೀಡ್, ಅದೇ ವಿಧಾನ, ಅದೇ ಕ್ರಮದ ಪಟ್ಟಿ, ಈ ಮೂರೂ ಇದ್ದರೆ ಅದೇ ಉತ್ತರ. ಆರ್ ನಡೆಸುವವರಿಗೂ ಇದು ಗೊತ್ತಿತ್ತು. ಬಗ್ ಸರಿಪಡಿಸಿದರೆ ಜಗತ್ತಿನ ಎಲ್ಲ ಪಠ್ಯಗಳ, ಎಲ್ಲ ಹಳೆಯ ಸ್ಕ್ರಿಪ್ಟ್‌ಗಳ ಉತ್ತರ ಬದಲಾಗುತ್ತದೆ. ಸರಿಪಡಿಸದಿದ್ದರೆ ದೊಡ್ಡ ಪಟ್ಟಿಯವರಿಗೆ ಮೋಸ. ಅವರು ಹೊಸದನ್ನು ಎಲ್ಲರಿಗೂ ಕೊಟ್ಟು, ಹಳೆಯದನ್ನು ಅಟ್ಟದ ಮೇಲೆ ಇಟ್ಟರು. ಬೇಕಾದವರು ಕೇಳಿ ತೆಗೆದುಕೊಳ್ಳಬಹುದು, ಎಚ್ಚರಿಕೆಯೊಂದಿಗೆ. ಆರ್‌ನ ಅಟ್ಟದಲ್ಲಿ ಇಂಥ ಸಾಮಾನು ಇನ್ನೂ ಇವೆ. ಕಿಂಡರ್‌ಮನ್ ಮತ್ತು ರಾಮೇಜ್ ಎಂಬವರ ಒಂದು ವಿಧಾನ 1.7.0ಕ್ಕಿಂತ ಮುಂಚೆ ತಪ್ಪಾಗಿ ಬರೆದಿತ್ತು. ತಪ್ಪಿದ್ದ ಆ ಪ್ರತಿಯನ್ನೂ ಇಟ್ಟಿದ್ದಾರೆ, 'ಬಗ್ಗಿ ಕಿಂಡರ್‌ಮನ್-ರಾಮೇಜ್' ಎಂಬ ಹೆಸರಲ್ಲಿ! ತಪ್ಪಿಗೆ ತಪ್ಪು ಎಂದೇ ಹೆಸರಿಟ್ಟು ಜೋಪಾನ ಮಾಡುವವರನ್ನು ನಾನು ನಂಬುತ್ತೇನೆ.

ಇನ್ನೊಂದು ಮಾತು. 'ಆರ್‌ನಲ್ಲಿ ಬಗ್ ಇತ್ತು' ಎಂದ ಕೂಡಲೇ ಅದರಲ್ಲಿ ಮಾಡಿದ ಎಲ್ಲ ಲೆಕ್ಕವೂ ತಪ್ಪು ಎಂದು ಅರ್ಥವಲ್ಲ. ನಿಮ್ಮ ಸರಾಸರಿ, ರಿಗ್ರೆಶನ್, ಕೋಷ್ಟಕ ಯಾವುದಕ್ಕೂ ಇದರ ಸೋಂಕಿಲ್ಲ. ಪಟ್ಟಿಯಿಂದ ಎತ್ತುವ, ಕಲಸುವ ಕೆಲಸಕ್ಕೆ ಮಾತ್ರ ಇದು ತಾಗುತ್ತದೆ. ಬೂಟ್‌ಸ್ಟ್ರ್ಯಾಪ್, ಕ್ರಾಸ್ ವ್ಯಾಲಿಡೇಶನ್, ಪರ್ಮ್ಯುಟೇಶನ್ ಇವೆಲ್ಲ ಆ ಗುಂಪಿನವು. ಇಂಥ ಸುದ್ದಿ ಬಂದಾಗ ಗಾಬರಿ ಹೇಗೆ ಹಬ್ಬುತ್ತದೆ ಎನ್ನುವುದಕ್ಕೆ 2016ರ ಕಥೆ ಇದೆ. ಮೆದುಳಿನ ಸ್ಕ್ಯಾನ್‌ಗಳ ಲೆಕ್ಕ ಹಾಕುವ ಎಎಫ್‌ಎನ್‌ಐ ಎಂಬ ತಂತ್ರಾಂಶದ ಒಂದು ಭಾಗದಲ್ಲಿ 15 ವರ್ಷ ಇದ್ದ ಬಗ್ ಹೊರಬಿತ್ತು. ಅದು ಹೊರಬಿದ್ದ ಪ್ರಬಂಧದಲ್ಲಿ ಇನ್ನೂ ಬೇರೆ ದೋಷಗಳ ಚರ್ಚೆ ಇತ್ತು. ಸುದ್ದಿಯಲ್ಲಿ ಎಲ್ಲ ಸೇರಿ '40,000 ಸಂಶೋಧನೆಗಳು ಹಾಳು' ಎಂದಾಯಿತು. ಆಮೇಲೆ ಲೇಖಕರೇ ಆ ವಾಕ್ಯ ತಿದ್ದಿದರು. ಅವರಲ್ಲೊಬ್ಬರಾದ ಥಾಮಸ್ ನಿಕೋಲ್ಸ್ ಅಂದಾಜು ಹಾಕಿದಾಗ ತೊಂದರೆಗೆ ಸಿಕ್ಕಿರಬಹುದಾದವು 3,500ರ ಆಸುಪಾಸು. ಅದೂ ಕಡಿಮೆಯಲ್ಲ. ಆದರೆ ನಲವತ್ತು ಸಾವಿರವೂ ಅಲ್ಲ.

ಈಗ ಮೂರನೆಯದು. ಪಿ 0.046 ಹೋಗಿ 0.053. ಇದಕ್ಕೆ ಬಗ್ ಕಾರಣವೇ ಅಲ್ಲ, ಇದು ಪೂರ್ತಿ ನಿಮ್ಮದು. ನೀವು ಕಲಸಿದ್ದು 1,000 ಸಲ. ಸಾವಿರ ಸಲ ಕಲಸಿ ಒಂದು ಪ್ರಮಾಣ ಎಣಿಸಿದರೆ ಆ ಎಣಿಕೆಗೇ ಒಂದು ಅಲುಗಾಟ ಇರುತ್ತದೆ. 0.046ರ ಹತ್ತಿರ ಅದು ಸುಮಾರು 0.007. ಅಂದರೆ ಹಳೆಯ ಆರ್‌ನಲ್ಲೇ ಸೀಡ್ 123ರ ಬದಲು 124 ಕೊಟ್ಟಿದ್ದರೂ 0.053 ಬರಬಹುದಿತ್ತು. 0.039ಕ್ಕೂ ಇಳಿಯಬಹುದಿತ್ತು. 2018ರಲ್ಲಿ ನೀವು ಕಂಡದ್ದು ಒಂದು ಅಲುಗಾಟ, ಈಗ ಕಂಡದ್ದು ಇನ್ನೊಂದು. ನಡುವೆ 0.05 ಎಂಬ ಗೆರೆ ಬಂದದ್ದರಿಂದ ಆಕಾಶ ಬಿದ್ದಂತೆ ಕಾಣುತ್ತಿದೆ.

ಪರಿಹಾರ ಇದೆ. ಒಂದು ಲಕ್ಷ ಸಲ ಕಲಸಿ. ಲ್ಯಾಪ್‌ಟಾಪ್‌ಗೆ ಒಂದು ಟೀ ಕುಡಿಯುವಷ್ಟು ಹೊತ್ತಿನ ಕೆಲಸ. ಅಲುಗಾಟ 0.0007ಕ್ಕೆ ಇಳಿಯುತ್ತದೆ. ಏನು ಬರುತ್ತದೋ ಅದನ್ನೇ ಬರೆಯಿರಿ. 0.049 ಬಂದರೂ ಸರಿ, 0.051 ಬಂದರೂ ಸರಿ. ಎಷ್ಟು ಸಲ ಕಲಸಿದಿರಿ ಎನ್ನುವುದನ್ನೂ ಬರೆಯಿರಿ. ಬೇಕಾದ ಉತ್ತರ ಬರುವ ತನಕ ಸೀಡ್ ಬದಲಾಯಿಸುವುದು ಮಾತ್ರ ಬೇಡ. ಅದು ಬಗ್‌ಗಿಂತ ದೊಡ್ಡ ತಪ್ಪು, ಮತ್ತು ಅದನ್ನು ಯಾವ ಹೊಸ ಆವೃತ್ತಿಯೂ ಸರಿಪಡಿಸುವುದಿಲ್ಲ.

ಪರೀಕ್ಷಕರಿಗೆ ತೋರಿಸುವುದು ಹೇಗೆ? ನನಗೆ ಸುಲಭ ಅನಿಸುವ ದಾರಿ ಇದು. ಸ್ಕ್ರಿಪ್ಟ್‌ನಲ್ಲಿ ಸೀಡ್ ಕೊಡುವ ಸಾಲಿನ ಮೇಲೆ 'ಆರ್‌ಎನ್‌ಜಿ-ವರ್ಷನ್' ಎಂಬ ಕಮಾಂಡ್‌ನಿಂದ 3.4.3 ಎಂದು ಹೇಳಿ. ರೌಂಡಿಂಗ್ ವಿಧಾನ ಬಳಸುತ್ತಿದ್ದೇನೆ, ಅದು ಸಮವಲ್ಲ ಎಂದು ಆರ್ ಒಂದು ಎಚ್ಚರಿಕೆ ಕೊಡುತ್ತದೆ. ಕೊಡಲಿ ಬಿಡಿ. 2018ರ ಅದೇ 1,200 ಮನೆಗಳು ಬರಬೇಕು. ಬಂದರೆ ನಿಮ್ಮ ಕೆಲಸ ಪ್ರಾಮಾಣಿಕ ಎನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ಇದರಲ್ಲಿ ಎರಡು ಅಪಾಯ. ಆ ಸಾಲನ್ನು ತೆಗೆಯಲು ಮರೆತರೆ ಮುಂದಿನ ಎಲ್ಲ ಕೆಲಸಕ್ಕೂ ಹಳೆಯ ವಿಧಾನವೇ ಅಂಟಿಕೊಳ್ಳುತ್ತದೆ. ಹಾಗೇ, ಮುಚ್ಚುವಾಗ 'ವರ್ಕ್‌ಸ್ಪೇಸ್ ಸೇವ್ ಮಾಡಲಾ' ಎಂದು ಆರ್ ಕೇಳಿದಾಗ ಹ್ಞೂಂ ಎಂದವರಿಗೆ ಇನ್ನೊಂದು ಬಲೆ. ಯಂತ್ರದ ಸ್ಥಿತಿಯೂ ಆ ಫೈಲ್‌ನೊಳಗೆ ಕೂರುತ್ತದೆ. ಹಳೆಯ ಲ್ಯಾಪ್‌ಟಾಪ್‌ನ ಆ ಫೈಲ್ ಹೊಸದರಲ್ಲಿ ತೆರೆದರೆ ಹೊಸ ಆರ್ ಕೂಡ ಹಳೆಯ ರೀತಿಯಲ್ಲೇ ಚೀಟಿ ಎತ್ತಬಹುದು. ತಿಳಿಯುವುದು ಹೇಗೆಂದರೆ 'ಆರ್‌ಎನ್‌ಜಿ-ಕೈಂಡ್' ಎಂದು ಬರೆದು ಖಾಲಿ ಆವರಣ ಕೊಡಿ. ಮೂರು ಹೆಸರು ಬರುತ್ತವೆ. ಮೂರನೆಯದು ರಿಜೆಕ್ಷನ್ ಇದ್ದರೆ ಹೊಸದು. ಸೀಡ್ ಸ್ಥಿತಿಯ ಮೊದಲ ಸಂಖ್ಯೆ ನೋಡಿದರೂ ಆಯಿತು. 403 ಇದ್ದರೆ ಹಳೆಯದು, 10403 ಇದ್ದರೆ ಹೊಸದು.

ಇಷ್ಟು ಮಾಡಿದ ಮೇಲೂ ಮನೆಗಳು ಹೊಂದಲಿಲ್ಲ ಅಂದರೆ ಆರ್ ಬಿಟ್ಟು ಪಟ್ಟಿಯನ್ನು ಹಿಡಿಯಿರಿ. ನನ್ನ ಹತ್ತಿರ ಇಂಥ ಪ್ರಶ್ನೆ ತರುವವರಲ್ಲಿ ಬಹುಪಾಲು ಮಂದಿಯ ಗಂಟು ಬಿಚ್ಚುವುದು ಅಲ್ಲೇ. ಯಾವಾಗಲೋ ಎಕ್ಸೆಲ್‌ನಲ್ಲಿ ಹಳ್ಳಿ ಹೆಸರಿನ ಪ್ರಕಾರ ಸಾಲು ಬದಲಾಯಿಸಿರುತ್ತಾರೆ. ಅಥವಾ ಎರಡು ಕಂಪ್ಯೂಟರ್‌ಗಳ ಭಾಷೆಯ ಸೆಟ್ಟಿಂಗ್ ಬೇರೆ ಇರುತ್ತದೆ, ಅಕ್ಷರಗಳ ಕ್ರಮ ಬೇರೆಯಾಗುತ್ತದೆ. 2020ರ ಆರ್ 4.0.0ಯಲ್ಲಿ ಫೈಲ್ ಓದುವ ರೀತಿಯೂ ಸ್ವಲ್ಪ ಬದಲಾಗಿದೆ. ಮೊದಲು ಪದಗಳಿರುವ ಕಾಲಂ ತಾನಾಗಿ ಫ್ಯಾಕ್ಟರ್ (ಕ್ರಮವಿರುವ ವರ್ಗಗಳ ಪಟ್ಟಿ) ಆಗುತ್ತಿತ್ತು, ಈಗ ಪದವಾಗಿಯೇ ಉಳಿಯುತ್ತದೆ. 2018ರಲ್ಲಿ ಬಳಸಿದ ಮೂಲ ಫೈಲ್ ಬೇಕು. ನೀವು ಗೈಡ್‌ಗೆ ಆಗ ಕಳಿಸಿದ ಮೇಲ್‌ನಲ್ಲಿ ಅಟ್ಯಾಚ್ ಆಗಿರುತ್ತದೆ, ಹುಡುಕಿ.

ಹೊಸ ಆರ್ ಕೊಟ್ಟ ಹೊಸ 1,200 ಮನೆಗೆ ಹೋಗಿ ಮತ್ತೆ ಸರ್ವೆ ಮಾಡಬೇಕಾ? ಬೇಡವೇ ಬೇಡ. ದುಡ್ಡು ಹಾಳು, ವರ್ಷ ಹಾಳು. ಫಲಿತಾಂಶ ನೋಡಿದ ಮೇಲೆ ಸ್ಯಾಂಪಲ್ ಬದಲಾಯಿಸಿದರು ಎಂಬ ಮಾತು ಬೇರೆ.

ಗೈಡ್ ಹೇಳಿದ ದುಡ್ಡಿನ ಸಾಫ್ಟ್‌ವೇರ್ ವಿಷಯ. ಅವರ ಕಾಳಜಿ ಅರ್ಥವಾಗುತ್ತದೆ, ತೀರ್ಮಾನ ಒಪ್ಪುವುದಿಲ್ಲ. 2014ರಲ್ಲಿ ಸ್ಪೇನ್‌ನ ಮೂವರು ಗಣಿತಜ್ಞರು, ಡುರಾನ್, ಪೆರೆಸ್ ಮತ್ತು ವರೋನಾ, ಅಮೆರಿಕನ್ ಗಣಿತ ಸಂಘದ ಪತ್ರಿಕೆಯಲ್ಲಿ ತಮ್ಮ ಪಾಡು ಬರೆದರು. ಮ್ಯಾಥಮೆಟಿಕಾ ಎಂಬ ದುಡ್ಡು ಕೊಟ್ಟು ಕೊಳ್ಳುವ ಗಣಿತ ತಂತ್ರಾಂಶದಲ್ಲಿ ದೊಡ್ಡ ದೊಡ್ಡ ಪೂರ್ಣಾಂಕಗಳ ಒಂದು ಮ್ಯಾಟ್ರಿಕ್ಸ್ ಕೊಟ್ಟು ಡಿಟರ್ಮಿನೆಂಟ್ ಕೇಳಿದರೆ ಒಂದು ಉತ್ತರ, ಅದನ್ನೇ ಮತ್ತೆ ಕೇಳಿದರೆ ಇನ್ನೊಂದು ಉತ್ತರ. ಒಳಗೆ ಏನು ನಡೆಯುತ್ತಿದೆ ಅಂತ ನೋಡಲು ಅವರಿಗೆ ಬಾಗಿಲೇ ಇರಲಿಲ್ಲ, ಕಂಪನಿಗೆ ತಿಳಿಸಿ ಕಾಯಬೇಕಾಯಿತು. ದುಡ್ಡು ಕೊಟ್ಟರೂ ಬಗ್ ಬರುತ್ತದೆ, ಕೊಡದಿದ್ದರೂ ಬರುತ್ತದೆ. ಆರ್‌ನ ಬಗ್ ಬಗ್ಗೆ ನಿಮಗೆ 53,687, 53,688 ಎಂದು ಚೀಟಿ ಎಣಿಸಿ ಹೇಳಲು ನನಗೆ ಸಾಧ್ಯವಾದದ್ದು ಕೋಡ್ ತೆರೆದಿರುವುದರಿಂದ. ಎರಡು ಬೇರೆ ತಂತ್ರಾಂಶಗಳಲ್ಲಿ ಒಂದೇ ಲೆಕ್ಕ ಹಾಕಿ ತಾಳೆ ನೋಡುವುದು ಒಳ್ಳೆಯ ಅಭ್ಯಾಸ. ಗೈಡ್‌ಗೆ ಹಾಗೆ ಹೇಳಿ, ಬೇಸರವಾಗುವುದಿಲ್ಲ. ಒಂದು ಸಲ ಪೈಥಾನ್‌ನಲ್ಲೂ ಟೆಸ್ಟ್ ಓಡಿಸಿ ತೋರಿಸಿ.

ಇನ್ನು ಆ ನಾಲ್ಕನೆಯದು. ಪತ್ರದಲ್ಲಿ ಒಂದೇ ಸಾಲಿನಲ್ಲಿ ದಾಟಿ ಹೋಗಿದ್ದೀರಿ, 74 ಮನೆಗೆ ಬೀಗ ಇತ್ತು, ಪಕ್ಕದ ಮನೆ ತೆಗೆದುಕೊಂಡೆವು ಎಂದು. 1,200ರಲ್ಲಿ 74 ಅಂದರೆ ನೂರಕ್ಕೆ ಆರು. ಬಗ್‌ನಿಂದ ಆದ ವ್ಯತ್ಯಾಸ ಐವತ್ಮೂರು ಸಾವಿರಕ್ಕೆ ಒಂದು. ಯಾವುದರ ಬಗ್ಗೆ ಪರೀಕ್ಷಕರು ಕೇಳಬೇಕು ಹೇಳಿ?

ಯಾದಗಿರಿ ಕಡೆ ಮನೆಗೆ ಬೀಗ ಯಾಕೆ ಬೀಳುತ್ತದೆ ಎಂದು ನಾನು ನಿಮಗೆ ಹೇಳಬೇಕಿಲ್ಲ. ಗುಳೆ ಹೋಗಿರುತ್ತಾರೆ. ಗುಳೆ ಹೋದವರಲ್ಲಿ ಎಷ್ಟೋ ಜನ ಸಾಲ ತೀರಿಸಲೆಂದೇ ಹೋಗಿರುತ್ತಾರೆ, ಗುತ್ತಿಗೆದಾರನ ಹತ್ತಿರ ಮುಂಗಡ ಪಡೆದು. ಅವರ ಪಕ್ಕದ ಮನೆಯವರು ಊರಲ್ಲೇ ಉಳಿದವರು, ಬಹುಶಃ ನೀರಿರುವ ಒಂದೆರಡು ಎಕರೆಯವರು. ಸಂಘದ ವಾರದ ಸಭೆಗೆ ಬರುವವರೂ ಅವರೇ. ನೀವು ಕೈಸಾಲ ಅಳೆಯಲು ಹೋಗಿ ಕೈಸಾಲ ಜಾಸ್ತಿ ಇರುವ ಮನೆ ಬಿಟ್ಟು, ಕಡಿಮೆ ಇರುವ ಮನೆ ಸೇರಿಸಿರಬಹುದು. ಸಂಘದ ಮನೆಗಳಿಗೆ ಸಾಲ ಕಡಿಮೆ ಎಂಬ ನಿಮ್ಮ ತೀರ್ಮಾನವೇ ಇದರಿಂದ ಆಚೀಚೆ ಆಗಬಹುದು. ಹಾಗೆ ಆಗಿದೆ ಎಂದು ನಾನು ಹೇಳುತ್ತಿಲ್ಲ. ನೋಡಬೇಕು.

ನೋಡುವ ಕೆಲಸ ಕಷ್ಟವಲ್ಲ. ಬದಲಿ ಮನೆಗಳನ್ನು ಬಿಟ್ಟು 1,126 ಮನೆಗಳ ಮೇಲೆ ಟೆಸ್ಟ್ ಓಡಿಸಿ. ಬೀಗ ಇದ್ದ ಮನೆಗಳು ಯಾವ ಹಳ್ಳಿಯವು, ಯಾವ ತಿಂಗಳಲ್ಲಿ ಹೋಗಿದ್ದಿರಿ, ಅವರ ಜಮೀನು ಎಷ್ಟು ಎಂದು ಮೂಲ ಪಟ್ಟಿಯಿಂದ ತೆಗೆದು ಒಂದು ಕೋಷ್ಟಕ ಮಾಡಿ. ಆಮೇಲೆ ಆ 74 ಮನೆಗೂ ಕೈಸಾಲ ಅತಿ ಜಾಸ್ತಿ ಇತ್ತು ಎಂದುಕೊಂಡು ಒಮ್ಮೆ, ಏನೂ ಇರಲಿಲ್ಲ ಎಂದುಕೊಂಡು ಒಮ್ಮೆ ಲೆಕ್ಕ ಹಾಕಿ. ಎರಡೂ ಕಡೆ ನಿಮ್ಮ ತೀರ್ಮಾನ ನಿಂತರೆ ಗಟ್ಟಿ. ನಿಲ್ಲದಿದ್ದರೆ ಥೀಸಿಸ್‌ನಲ್ಲಿ ಅದನ್ನೇ ಒಂದು ಪುಟ ಬರೆಯಿರಿ.

ಫೀಲ್ಡ್‌ವರ್ಕ್‌ನ ನೋಟ್‌ಬುಕ್ ಇನ್ನೂ ಇದೆ ತಾನೇ? ಬೀಗ ಇದ್ದ ಮನೆಗಳ ನಂಬರ್ ಅದರಲ್ಲೇ ಇರುತ್ತದೆ.